ದೇವಣಿ ಎತ್ತಿನ ಏಳನೆಯ ನರ

ಆ ಎತ್ತಿನ ಎರಡು ಕಿವಿಗಳೂ ನೆಟ್ಟಗೆ ನಿಂತಿದ್ದವು ಎಂದೇ ನನ್ನ ನೆನಪು. ಕಣ್ಣು ಮುಚ್ಚಿದರೆ ಈಗಲೂ ಹಾಗೆಯೇ ಕಾಣುತ್ತದೆ: ಬಿಳಿ ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ಒಂದು ಕಡೆ ಜೋತುಬಿದ್ದ ತುಟಿ, ಮೇಲೆ ಚೂಪಾಗಿ ನಿಂತ ಕಿವಿಗಳು. ಆದರೆ ಅದು ದೇವಣಿ ತಳಿಯ ಎತ್ತು. ಬೀದರ, ಕಲಬುರಗಿ ಸೀಮೆಯ ಈ ತಳಿಯ ಕಿವಿಗಳು ಉದ್ದ. ಹುಟ್ಟಿದಂದಿನಿಂದ ಕೆಳಗೆ ಜೋತಿರುತ್ತವೆ. ಅಂದರೆ ನಾನು ಕಂಡೆನೆಂದು ನಂಬಿರುವುದನ್ನು ಯಾರೂ ಕಂಡಿರಲು ಸಾಧ್ಯವಿಲ್ಲ. ಮೈ ಒಂದು ಎತ್ತಿನದು, ಕಿವಿ ಬೇರೊಂದು ಎತ್ತಿನದು. ಎರಡನ್ನೂ ಸೇರಿಸಿ ಹೊಲಿದವನು ನಾನೇ; ಯಾವಾಗ ಹೊಲಿದೆನೋ ಗೊತ್ತಿಲ್ಲ.

ಒಂದು ಕಿವಿಗಾಗಿ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಆ ದಿನ ಆ ಕಿವಿ ಹೇಗಿತ್ತು ಎಂಬುದರ ಮೇಲೆ ಒಬ್ಬ ಮನುಷ್ಯನ ಕಸುಬು ನಿಂತಿತ್ತು. ನಾನು ಆಡಿದ ಒಂದು ಮಾತಿನಿಂದ ಅದು ಹೋಯಿತು.

ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದ್ದ ಕಾಲ. ನಾನು ತುಮಕೂರಿನ ಕಡೆಯವನು. ಬೆಂಗಳೂರಿನಲ್ಲಿ ಪಶುವೈದ್ಯ ಓದಿ, ಶಹಾಬಾದಿನ ದನದ ಆಸ್ಪತ್ರೆಗೆ ಬಂದು ಬಿದ್ದಿದ್ದೆ. ಬಿದ್ದಿದ್ದೆ ಎನ್ನುವುದು ಆಗ ನನ್ನ ಮಾತು. ಸುತ್ತ ಎಲ್ಲಿ ನೋಡಿದರೂ ಕಲ್ಲು. ಖಣಿಯಿಂದ ಎಬ್ಬಿಸಿದ ಫರಸಿ ಎಂಬ ಹಾಸುಗಲ್ಲು, ಫರಸಿ ಕೊಯ್ಯುವ ಸದ್ದು, ಅದರ ಬೂದು ಧೂಳು. ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಊರು ಬಿಟ್ಟು ಹೋಗಬೇಕು ಎಂದು ದಿನಕ್ಕೆ ಎರಡು ಸಲ ಅಂದುಕೊಳ್ಳುತ್ತಿದ್ದೆ.

ನನ್ನ ಬಳಿ ಇದ್ದ ಒಂದೇ ಆಸ್ತಿ ಅಂಗರಚನೆಯ ಪಾಠ. ಅದನ್ನು ಕಲಿಸಿದ ಮೇಷ್ಟ್ರು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಭ್ರೂಣ ಬರೆಯುತ್ತಿದ್ದರು. ಮಿದುಳಿನಿಂದ ನೇರವಾಗಿ ಹೊರಬೀಳುವ ನರಗಳು ಹನ್ನೆರಡು ಜೋಡಿ. ಅವನ್ನು ಬಾಯಿಪಾಠ ಮಾಡುವುದು ದಡ್ಡರ ಕೆಲಸ, ಅವು ಎಲ್ಲಿ ಹುಟ್ಟಿದವು ಎಂದು ಕೇಳಿ ಎನ್ನುತ್ತಿದ್ದರು. ಕರು ತಾಯಿಯ ಹೊಟ್ಟೆಯಲ್ಲಿ ಅವರೆಕಾಳಿನಷ್ಟಿರುವಾಗ ಅದರ ಕುತ್ತಿಗೆಯ ಎರಡೂ ಬದಿಗೆ ಮೀನಿನ ಕಿವಿರಿನ ಹಾಗೆ ಸಾಲಾಗಿ ಕಮಾನುಗಳು ಏಳುತ್ತವೆ. ಮೊದಲ ಕಮಾನಿಗೆ ಐದನೆಯ ನರ. ಅಲ್ಲಿಂದ ಅಗಿಯುವ ಸ್ನಾಯುಗಳು ಬರುತ್ತವೆ. ಎರಡನೆಯ ಕಮಾನಿಗೆ ಏಳನೆಯ ನರ. ಅಲ್ಲಿಂದ ಮುಖದ ತೆಳು ಸ್ನಾಯುಗಳು, ಅಂದರೆ ತುಟಿ, ಹೊಳ್ಳೆ, ರೆಪ್ಪೆ, ಕಿವಿಗಳನ್ನು ಆಡಿಸುವಂಥವು. ಆಮೇಲೆ ಈ ಸ್ನಾಯುಗಳು ಮುಖದ ಮೇಲೆ ಎಲ್ಲೆಲ್ಲಿಗೋ ಸರಿದು ಹೋಗುತ್ತವೆ, ಆದರೆ ತಮ್ಮ ನರವನ್ನು ಎಳೆದುಕೊಂಡೇ ಹೋಗುತ್ತವೆ. "ಮನೆ ಬದಲಾಯಿಸಿದರೂ ರೇಷನ್ ಕಾರ್ಡು ಹಳೇ ವಿಳಾಸದ್ದೇ ಕಣ್ರಯ್ಯಾ" ಎನ್ನುತ್ತಿದ್ದರು ಮೇಷ್ಟ್ರು. ನನಗೆ ಅದು ದೇವರಿಲ್ಲದ ಲೋಕದಲ್ಲಿ ಸಿಕ್ಕ ಒಂದು ಖಾತ್ರಿಯ ಹಾಗೆ ಕಂಡಿತ್ತು.

ಶಹಾಬಾದಿಗೆ ಬಂದ ಮೊದಲ ವಾರವೇ ಆ ಖಾತ್ರಿಗೆ ಒಂದು ಪೆಟ್ಟು ಬಿತ್ತು. ಫರಸಿ ಹೇರುವ ಬಂಡಿಯವನೊಬ್ಬ ಎತ್ತಿನ ಗೊರಸು ತೋರಿಸಲು ಬಂದಿದ್ದ. ನಾನು ಗೊರಸು ಬಿಟ್ಟು ತಲೆಯ ಸುತ್ತ ತಿರುಗಿದೆ. ನಮ್ಮ ಕಡೆಯ ಹಳ್ಳಿಕಾರ ಎತ್ತಿಗೆ ಕಿವಿ ಸಣ್ಣದು, ಚೂಪು. ಐದು ವರ್ಷ ಓದಿದ್ದು ಅಂಥವುಗಳ ಮೇಲೇ.

"ಏನ್ ನೋಡಾಕತ್ತೀರಿ ಸಾಹೇಬ್ರ?"

"ಇದರ ಎರಡೂ ಕಿವಿಗೆ ಲಕ್ವ ಹೊಡೆದಿದೆಯಲ್ಲಪ್ಪ. ಎಷ್ಟು ದಿನ ಆಯ್ತು ಹೀಗಾಗಿ?"

"ಹುಟ್ಟಿದಾಗಿಂದ್ರೀ." ಅವನ ಮುಖದಲ್ಲಿ ನಗೆಯಿರಲಿಲ್ಲ. "ಇದರವ್ವಗೂ ಲಕ್ವಾ ಹೊಡದಿತ್ರೀ. ಇದರಪ್ಪಗ ಭಾಳ ಹೊಡದಿತ್ತು, ಜಾತ್ರ್ಯಾಗ ಬಹುಮಾನ ಕೊಟ್ಟಿದ್ರು."

ಮರುದಿನದಿಂದ ಬಂಡಿಯವರ ಬಾಯಲ್ಲಿ ನಾನು ಕಿವಿ ಡಾಕ್ಟರ್ ಆದೆ. ನಗೆ ಆರು ತಿಂಗಳು ನಡೆಯಿತು. ಇನ್ನೆಂದೂ ದೇವಣಿ ಎತ್ತಿನ ಕಿವಿಯ ಮಾತೆತ್ತಬಾರದು ಎಂದು ನಾನು ಹಲ್ಲು ಕಚ್ಚಿ ನಿಶ್ಚಯಿಸಿದ್ದೆ. ಮುಂದೆ ಆದದ್ದಕ್ಕೆಲ್ಲ ಈ ನಿಶ್ಚಯವೇ ಮೂಲವಿರಬೇಕು ಎಂದು ಈಗ ಅನ್ನಿಸುತ್ತದೆ.

ಬಂಡಿಗಳು ನಿಲ್ಲುವ ಬಯಲಿನಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಒಬ್ಬ ನಾಲಬಂದ. ನಾಲಬಂದ ಎಂದರೆ ಎತ್ತಿಗೆ ಲಾಳ ಹೊಡೆಯುವವನು. ಐವತ್ತು ದಾಟಿದ ಮುಸಲ್ಮಾನ, ಅವನ ಅಪ್ಪನೂ ಅದೇ ಮರದ ಕೆಳಗೆ ಕೂತವನು. ಎಲ್ಲರಿಗೂ ಅವನು ಚಾಚಾ. ಕಲ್ಲಿನ ದಾರಿಯಲ್ಲಿ ಕಲ್ಲು ಹೇರಿ ನಡೆಯುವ ಎತ್ತಿಗೆ ಲಾಳ ಬೇಗ ಸವೆಯುತ್ತದೆ. ಹಾಗಾಗಿ ಅವನಿಗೆ ಬಿಡುವಿರಲಿಲ್ಲ. ಕಾಲಿಗೆ ಹಗ್ಗ ಸುತ್ತಿ ಎಳೆದು ಎತ್ತನ್ನು ಒಂದು ಮಗ್ಗುಲಿಗೆ ಕೆಡವಬೇಕು, ಒಬ್ಬ ಕುತ್ತಿಗೆಯ ಮೇಲೆ ಕೂರಬೇಕು, ನಾಲ್ಕೂ ಕಾಲು ಒಟ್ಟಿಗೆ ಕಟ್ಟಿ ಲಾಳ ಹೊಡೆಯಬೇಕು. ಅಷ್ಟು ಹೊತ್ತೂ ಎತ್ತಿನ ಒಂದು ಕೆನ್ನೆ ನೆಲಕ್ಕೆ ಒತ್ತಿಕೊಂಡಿರುತ್ತದೆ.

ಒಂದು ಬೆಳಿಗ್ಗೆ ಬಂಡಿಯವರ ಹಿರಿಯ ನನ್ನನ್ನು ಅಲ್ಲಿಗೆ ಕರೆಸಿದ. ಹತ್ತಾರು ಜನ ಸೇರಿದ್ದರು. ನಡುವೆ ಆ ಎತ್ತು. ಎಡಗಡೆಯ ತುಟಿ ಜೋತಿತ್ತು, ಅಲ್ಲಿಂದ ಜೊಲ್ಲು ಇಳಿಯುತ್ತಿತ್ತು, ಕೆನ್ನೆಯೊಳಗೆ ಕಣಕಿಯ, ಅಂದರೆ ಒಣ ಜೋಳದ ದಂಟಿನ, ಉಂಡೆ ಹಾಗೇ ಸಿಕ್ಕಿಕೊಂಡಿತ್ತು.

"ನಾಲ ಬಡಿಸಿಕೊಂಡು ಹ್ವಾದ ಮೂರನೇ ದಿನಕ್ಕ ಮಾರಿ ಸೊಟ್ಟ ಆಗ್ಯಾದ್ರೀ" ಎಂದ ಎತ್ತಿನವನು. "ಬರೇ ಕಲ್ಲಿನ ಮ್ಯಾಲ ಕೆಡವ್ಯಾನ."

"ಇಲ್ಲ ಸಾಬ್" ಎಂದ ಚಾಚಾ. "ದವಡಿ ಕೆಳಗ ಹುಲ್ಲಿನ ಚೀಲ ಇಟ್ಟೇ ಕೆಡವ್ತೀನಿ. ನಮ್ಮ ಅಬ್ಬಾ ಇಡತಿದ್ದ, ನಾನೂ ಇಡತೀನಿ."

"ಅವತ್ತ ಚೀಲ ಎಲ್ಲಿತ್ತೋ ಚಾಚಾ? ನಿನ್ನ ಕುಂಡಿ ಕೆಳಗಿತ್ತು!" ಎಂದ ಎತ್ತಿನವನು.

ಎಲ್ಲರೂ ನಕ್ಕರು. ಹಿರಿಯ ಮಾತ್ರ ನಗಲಿಲ್ಲ. ಅವನು ನನ್ನನ್ನು ಬದಿಗೆ ಕರೆದು ಹೇಳಿದ: "ಸಾಹೇಬ್ರ, ಇವನ ಕೈಲೇ ಆಗ್ಯಾದಂದ್ರ ಇನ್ನ ಯಾರೂ ಇವನ ಕಡಿ ಎತ್ತ ತರಂಗಿಲ್ಲ. ಜಾಗಾ ಬಿಡಿಸಬೇಕಾಗ್ತದ. ಸುಮ್ಮ ಹೇಳಬ್ಯಾಡ್ರಿ, ನೋಡಿ ಹೇಳ್ರಿ."

ನೋಡಿದೆ. ಎಂಥ ಪರೀಕ್ಷೆ ಅದು! ಇಷ್ಟು ದಿನ ಕಾದದ್ದು ಇದಕ್ಕೇ ಅನ್ನಿಸಿತು. ಕಣಕಿ ತಿನ್ನಿಸಿದೆ, ಅಗಿಯಿತು. ಐದನೆಯ ನರ ಸರಿಯಿದೆ. ತುಟಿ ಬಿದ್ದಿದೆ; ಏಳನೆಯದಕ್ಕೆ ಪೆಟ್ಟು. ಇನ್ನು ಎಲ್ಲಿ ಪೆಟ್ಟು ಎಂಬುದಷ್ಟೇ ಪ್ರಶ್ನೆ. ಏಳನೆಯ ನರ ಕಿವಿಯ ಒಳಭಾಗದ ಎಲುಬಿನೊಳಗೆ ಹಾದು, ಕಿವಿಯ ಬುಡದಲ್ಲಿ ಹೊರಬೀಳುತ್ತದೆ. ಮೊದಲು ಕಿವಿಗೂ ರೆಪ್ಪೆಗೂ ಕೊಂಬೆ ಕೊಡುತ್ತದೆ. ಉಳಿದದ್ದು ಕೆನ್ನೆಯ ದಪ್ಪ ಸ್ನಾಯುವಿನ ಮೇಲೆ, ಚರ್ಮದ ಕೆಳಗೇ ಹಾದು ತುಟಿಗೆ ಹೋಗುತ್ತದೆ. ಕಿವಿ, ರೆಪ್ಪೆ, ತುಟಿ ಮೂರೂ ಸತ್ತಿದ್ದರೆ ರೋಗ ಕಿವಿಯೊಳಗಿದೆ. ತುಟಿ ಮಾತ್ರ ಸತ್ತಿದ್ದರೆ ಪೆಟ್ಟು ಕೆನ್ನೆಯ ಮೇಲೆ ಬಿದ್ದಿದೆ.

ಕಣ್ಣಿಗೆ ಬೆರಳು ತಾಗಿಸಿದೆ. ಬಿಳಿಯದೊಂದು ಸರಕ್ಕನೆ ಕಣ್ಣಿನ ಮೇಲೆ ಹಾದು ಹೋಯಿತು. ರೆಪ್ಪೆ ಸರಿಯಿದೆ ಎಂದುಕೊಂಡೆ. ಕಿವಿ? ಎರಡೂ ಜೋತಿದ್ದವು. ಜೋತಿದ್ದಿರಲೇಬೇಕು. ಬಂಡಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಇವ ಕಿವಿಗೆ ಕೈ ಹಾಕಲಿ ಎಂದು ಕಾಯುತ್ತಿದ್ದಾರೆ ಅನ್ನಿಸಿತು. ನಾನು ಕಿವಿ ಮುಟ್ಟಲಿಲ್ಲ.

ಬದಲಿಗೆ ಅಲ್ಲೇ ಬಿದ್ದಿದ್ದ ಫರಸಿಯ ಮೇಲೆ ಸುಣ್ಣದ ತುಂಡಿನಿಂದ ಚಿತ್ರ ಬರೆದು ವಿವರಿಸತೊಡಗಿದೆ. ಮೇಷ್ಟ್ರ ಚಿತ್ರವೇ: ಕಮಾನು ಕಮಾನಾದ ಕುತ್ತಿಗೆಯ ಭ್ರೂಣ.

"ಇದ್ಯಾನ್ರೀ, ಮೀನಾ?"

"ಕರು. ಹೊಟ್ಟೆಯೊಳಗೆ ಹೀಗಿರುತ್ತೆ."

"ಮೀನ ಆಗೇ ಉಳದಿದ್ರ ಛಲೋ ಇತ್ತು ನೋಡ್ರಿ, ನಾಲ ಬಡಸಾ ಖರ್ಚರ ಉಳೀತಿತ್ತು."

ಮತ್ತೆ ನಗೆ. ಈ ಸಲ ನನ್ನ ಮೇಲಲ್ಲ ಎಂದು ಹಗುರವಾಯಿತು. ಆ ಹಗುರದಲ್ಲೇ ಹೇಳಿದೆ: ಪೆಟ್ಟು ಕೆನ್ನೆಯ ಮೇಲೆ ಬಿದ್ದಿದೆ, ಕೆಡವಿದಾಗಲೇ ಆದದ್ದು.

"ಖರೇನಾ?" ಎಂದ ಹಿರಿಯ.

"ನೂರಕ್ಕೆ ನೂರು."

ಚಾಚಾ ಮತ್ತೇನಾದರೂ ಹೇಳಿದನೇ? ನನ್ನ ನೆನಪಿನಲ್ಲಿ ಅವನು ಸುಮ್ಮನಿದ್ದಾನೆ. ಸುತ್ತಿಗೆ, ಮೊಳೆಯ ಡಬ್ಬಿ, ಗೊರಸು ಕೆತ್ತುವ ಉಳಿ, ಹಗ್ಗ, ಒಂದೊಂದಾಗಿ ಗೋಣಿಗೆ ತುಂಬುತ್ತಿದ್ದಾನೆ. ಎರಡು ದಿನದಲ್ಲಿ ಮರದ ಕೆಳಗೆ ಯಾರೂ ಇರಲಿಲ್ಲ. ಊರು ಬಿಟ್ಟ ಎಂದರು. ನಾನು ಮೇಷ್ಟ್ರಿಗೆ ಕಾಗದ ಬರೆದು ನನ್ನ ಪರೀಕ್ಷೆಯನ್ನು ವರ್ಣಿಸಿದೆ. ಅವರು ಉತ್ತರ ಬರೆಯಲಿಲ್ಲ, ಅಥವಾ ಬರೆದದ್ದು ನನಗೆ ತಲುಪಲಿಲ್ಲ.

ಮೂರೋ ನಾಲ್ಕೋ ತಿಂಗಳಾಗಿರಬೇಕು. ಅದೇ ಎತ್ತನ್ನು ಅದೇ ಮನುಷ್ಯ ಆಸ್ಪತ್ರೆಗೆ ಹೊಡೆದುಕೊಂಡು ಬಂದ. ಹೊಡೆದುಕೊಂಡು ಎನ್ನುವುದು ಸರಿಯಲ್ಲ. ಅದು ನೇರವಾಗಿ ನಡೆಯುತ್ತಲೇ ಇರಲಿಲ್ಲ. ತಲೆ ಎಡಕ್ಕೆ ವಾಲಿಸಿಕೊಂಡು ಎಡಕ್ಕೇ ಸುತ್ತುತ್ತಿತ್ತು. ಕೆಟ್ಟಿದ್ದು ಮೈಯ ಸಮತೋಲ ಕಾಯುವ ಎಂಟನೆಯ ನರ, ಏಳನೆಯದರ ಪಕ್ಕದಲ್ಲೇ ಅದೇ ಎಲುಬಿನೊಳಗೆ ಇರುವಂಥದು. ಕೆನ್ನೆಯ ಪೆಟ್ಟು ಅಲ್ಲಿಗೆ ಹೋಗಲಾರದು. ಆಗ ಎಡಗಿವಿ ಎತ್ತಿದೆ. ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಪಿಚಕಾರಿಯಿಂದ ಬೆಚ್ಚಗಿನ ನೀರು ಬಿಟ್ಟರೆ ಕೀವು ಕಟ್ಟೆಯೊಡೆದ ಹಾಗೆ ಬಂತು. ಬಲಗಿವಿಯೊಳಗಿನ ಕೂದಲಿಗೆ ಹುಲ್ಲುಕಡ್ಡಿ ತಾಗಿಸಿದೆ. ಕಿವಿ ಪಟ್ಟನೆ ಒದರಿತು. ಎಡಗಿವಿಗೆ ತಾಗಿಸಿದೆ, ಒದ್ದೆ ಬಟ್ಟೆಯ ಹಾಗೆ ಇತ್ತು. ಜೋತ ಕಿವಿಯೂ ಸತ್ತ ಕಿವಿಯೂ ನೋಡಲು ಒಂದೇ. ಒಂದು ಹುಲ್ಲುಕಡ್ಡಿ ಸಾಕಿತ್ತು.

ಹಾಗಾದರೆ ಕಣ್ಣು? ಮತ್ತೆ ಬೆರಳು ತಾಗಿಸಿ, ಈ ಸಲ ಬಗ್ಗಿ ನೋಡಿದೆ. ಮೇಲಿನ ರೆಪ್ಪೆ ಅಲುಗಲೇ ಇಲ್ಲ. ಕಣ್ಣುಗುಡ್ಡೆ ಒಳಕ್ಕೆ ಸರಿಯಿತು, ಮೂಲೆಯಿಂದ ಬಿಳಿ ಪೊರೆಯೊಂದು ಅದರ ಮೇಲೆ ಜಾರಿ ಬಂತು. ದನಗಳ ಕಣ್ಣಿನ ಮೂರನೆಯ ರೆಪ್ಪೆ ಅದು; ಅವತ್ತು ನಾನು ರೆಪ್ಪೆ ಸರಿಯಿದೆ ಎಂದುಕೊಂಡದ್ದು ಇದನ್ನು ಕಂಡೇ. ಗುಡ್ಡೆಯನ್ನು ಒಳಕ್ಕೆಳೆಯುವ ಸ್ನಾಯು ಮನುಷ್ಯನಿಗಿಲ್ಲ, ದನಕ್ಕಿದೆ. ಅದು ಕಮಾನುಗಳಲ್ಲಿ ಹುಟ್ಟಿದ್ದೇ ಅಲ್ಲ, ಅದರ ನರ ಆರನೆಯದು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದಿದ್ದೆ.

"ಈಗರ ಗುಣ ಆಗ್ತದೇನ್ರೀ?" ಎಂದ ಎತ್ತಿನವನು.

ಕೀವು ನಿಂತಿತು, ಮೇವು ತಿಂದಿತು, ತಲೆ ಮಾತ್ರ ವಾಲಿಯೇ ಉಳಿಯಿತು. ಫರಸಿಯ ಬಂಡಿಗೆ ಅದನ್ನು ಮತ್ತೆ ಕಟ್ಟಲಾಗಲಿಲ್ಲ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಬರುತ್ತಿತ್ತೇನೋ.

ಚಾಚಾ ಎಲ್ಲಿ? ಕೇಳುತ್ತ ಹೋದೆ. ವಾಡಿಯಲ್ಲಿದ್ದಾನೆ ಎಂದರು, ಇರಲಿಲ್ಲ. ಚಿತ್ತಾಪುರದ ಕಡೆ ಕಂಡಿದ್ದೆ ಎಂದ ಒಬ್ಬ, ಕಾಳಗಿ ಸಂತೆಯಲ್ಲಿ ಎಂದ ಇನ್ನೊಬ್ಬ. ರಜೆ ಸಿಕ್ಕ ದಿನವೆಲ್ಲ ಬಸ್ಸು ಹತ್ತಿದೆ. ಕೊನೆಗೆ ವಾಡಿಯಲ್ಲಿ ರೈಲು ಹಿಡಿದು ಸೇಡಂನಲ್ಲಿ ಇಳಿದಾಗ, ದನದ ಸಂತೆ ಕೂಡುವ ಜಾಗದ ಅಂಚಿನಲ್ಲಿ ಸುತ್ತಿಗೆಯ ಸದ್ದು ಕೇಳಿಸಿತು. ಎತ್ತೊಂದು ಮಗ್ಗುಲಿಗೆ ಬಿದ್ದಿತ್ತು. ಅದರ ದವಡೆಯ ಕೆಳಗೆ ಹುಲ್ಲು ತುಂಬಿದ ಚೀಲವಿತ್ತು.

ನಾಲ್ಕೂ ಕಾಲು ಮುಗಿಯುವವರೆಗೆ ಅವನು ತಲೆಯೆತ್ತಲಿಲ್ಲ. ಎತ್ತು ಎದ್ದು ಮೈ ಒದರಿದ ಮೇಲೆ, "ಬರ್ರಿ ಡಾಕ್ಟರ್ ಸಾಬ್, ಕುಂದ್ರಿ" ಎಂದ.

ನಿಂತೇ ಹೇಳಿದೆ. ನಿನ್ನಿಂದ ಆದದ್ದಲ್ಲ, ರೋಗ ಕಿವಿಯೊಳಗಿತ್ತು, ನಾನು ತಪ್ಪು ಹೇಳಿದೆ.

"ಕಿವ್ಯಾಗಿತ್ತು, ನನಗ ಗೊತ್ತದ. ಕೆಡವಿದಾಗೇ ನಾರತಿತ್ತು. ಅವತ್ತೇ ನಿಮಗ ಹೇಳಿದ್ನೆಲ್ಲ."

"ಯಾವತ್ತು?"

"ಪಂಚಾಯ್ತಿ ದಿನ. ಎಡಾ ಕಿವಿ ನಾರ್ತದ ಸಾಬ್, ಒಮ್ಮೆ ನೋಡ್ರಿ ಅಂದೆ. ನೀವು ಅಂದ್ರಿ, ನಿಮ್ಮ ಕಡೆ ಎತ್ತಿನ ಕಿವಿ ವಿಷಯ ನನಗೆ ಹೇಳಬೇಡ ಅಂತ. ಮಂದಿ ನಕ್ರು."

"ನೀನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ."

"ನಿಮಗ ಹ್ಯಾಂಗ ನೆನಪಿರ್ತದ ಸಾಬ್" ಎಂದ. "ಜಾಗಾ ಬಿಟ್ಟು ಬಂದಾವ ನಾ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಮೊಳೆ ಎಣಿಸುವ ಹಾಗೆ ಹೇಳಿದ. ಶಹಾಬಾದಿಗೆ ಬಾ, ನಾನು ಹೇಳುತ್ತೇನೆ ಎಂದೆ. ತಲೆಯಾಡಿಸಿದ.

"ನಾ ಬರಂಗಿಲ್ಲ. ಇಲ್ಲಿ ಬೇರು ಬಿಟ್ಟಾವ. ಖರೇ, ನನ್ನ ಅಳಿಯಾನೂ ಇದೇ ಕಸುಬಿನಾವ. ಆ ಮರದ ಕೆಳಗ ಕುಂದ್ರಾಕ ಹ್ವಾದ್ರ, ನೀ ಅವನ ಮನಿಯಾವ ಅಲ್ಲೇನು, ಎದ್ದು ಹೋಗು ಅಂದಾರ. ಅಷ್ಟು ಸರಿ ಮಾಡ್ರಿ. ಒಬ್ಬೊಬ್ಬರ ಕಿವ್ಯಾಗ ಅಲ್ಲ, ಅವತ್ತು ಎಷ್ಟು ಮಂದಿ ಮುಂದ ಹೇಳಿದ್ರಿ ಅಷ್ಟು ಮಂದಿ ಮುಂದ."

ಹಿಂತಿರುಗುವ ರೈಲಿನಲ್ಲಿ ನನ್ನನ್ನು ಬಾಧಿಸಿದ್ದು ಅವನು ಕೇಳಿದ್ದಲ್ಲ. ಅವನು ಅವತ್ತು ನಿಜವಾಗಿ ಹೇಳಿದ್ದನೇ ಎಂಬುದು. ಹೇಳಿರಲಿಲ್ಲ ಎಂದರೆ ನಾನು ಅರಿಯದೆ ತಪ್ಪಿದವನು. ಹೇಳಿದ್ದರೆ, ತಿಳಿಸಿದರೂ ತಪ್ಪಿದವನು. ಮಲಖೇಡ ದಾಟುವವರೆಗೆ ಅವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಚಿತ್ತಾಪುರ ಬರುವಷ್ಟರಲ್ಲಿ, ಅವನಿಗೇಕೆ ಸುಳ್ಳು ಬೇಕು ಎನ್ನಿಸಿತು. ವಾಡಿಯಲ್ಲಿ ಇಳಿದಾಗ ಎರಡೂ ಇರಲಿಲ್ಲ, ಬರೀ ತಲೆನೋವಿತ್ತು.

ಬಂಡಿಯ ಬಯಲಿನಲ್ಲಿ ಹೇಳಿದೆ. ಇದರಲ್ಲಿ ನನಗೆ ಅನುಮಾನವಿಲ್ಲ. ಹಿರಿಯನ ಜೊತೆ ಆ ದಿನದ ಹೆಚ್ಚಿನವರು ಇದ್ದರು.

"ಅಂದ್ರ ಚಾಚಾಂದು ತಪ್ಪಿಲ್ಲ?"

"ಇಲ್ಲ."

"ಮತ್ತ ಯಾರ ತಪ್ಪ್ರೀ?"

"ನಂದು. ಕಿವಿ ಮುಟ್ಟಿ ನೋಡಲಿಲ್ಲ."

ಹಿಂದಿನಿಂದ ಯಾರೋ "ಕಿವಿ ಡಾಕ್ಟರ್ ಆಗಿ ಕಿವಿನೇ ಬಿಟ್ಟೀರಲ್ರೀ!" ಎಂದರು. ಯಾರೂ ನಗಲಿಲ್ಲ. ಕುಂಡಿ ಕೆಳಗೆ ಚೀಲ ಎಂದಿದ್ದ ಎತ್ತಿನವನು ನೆಲ ನೋಡುತ್ತಿದ್ದ. ಹಿರಿಯ ಬೀಡಿ ಹಚ್ಚಿ, ಅರ್ಧ ಸೇದಿ, "ಅವನ ಅಳಿಯಾಗ ಹೇಳಿ ಕಳಿಸ್ರಪಾ, ಬಂದು ಕುಂದರ್ಲಿ" ಎಂದ.

ನಾನು ಆಗ ಅವನನ್ನೇ ಕೇಳಿದೆ: "ಅವತ್ತು ಚಾಚಾ ಕಿವಿ ನಾರುತ್ತೆ ಅಂತ ಏನಾದರೂ ಹೇಳಿದ್ದನಾ?"

"ಅಂದಿದ್ನೋ ಇಲ್ಲೋ, ಯಾರಿಗ್ಗೊತ್ರೀ? ಹತ್ತು ಮಂದಿ ಒದರಾಕತ್ತಿದ್ವಿ."

ಅಳಿಯ ಬಂದು ಕೂತ. ಅವನು ಎತ್ತು ಕೆಡವುವುದನ್ನು ಎಷ್ಟೋ ಸಲ ನಿಂತು ನೋಡಿದ್ದೇನೆ. ಒಂದು ವರ್ಷದೊಳಗೆ ನನಗೆ ಚಿಂಚೋಳಿಗೆ ವರ್ಗವಾಯಿತು. ಅಲ್ಲಿಯ ಕಾಡಂಚಿನ ಹಳ್ಳಿಗಳಲ್ಲಿ, ತೆಲುಗು ಬೆರೆತ ಮಾತಿನ ನಡುವೆ, ಮುಖ ಸೊಟ್ಟಾದ ಎಮ್ಮೆ, ಎತ್ತು, ಕತ್ತೆ ಎಷ್ಟೋ ಬಂದವು. ಪ್ರತಿ ಸಲವೂ ಮೊದಲು ಹುಲ್ಲುಕಡ್ಡಿ ಹುಡುಕಿದೆ. ಚಾಚಾ ಸೇಡಂನಲ್ಲೇ ತೀರಿಕೊಂಡ ಸುದ್ದಿ ಅಲ್ಲಿಗೇ ಬಂತು.

ಆದರೆ ಆ ಒಂದು ಪ್ರಶ್ನೆ ನಿಲ್ಲಲಿಲ್ಲ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಆ ಬೆಳಗನ್ನು ಮತ್ತೆ ಮತ್ತೆ ನಡೆಸಿ ನೋಡುತ್ತಿದ್ದೆ. ಕೆಲವು ಸಲ ಅವನು ಹೇಳುತ್ತಿದ್ದ, ಕೆಲವು ಸಲ ಸುಮ್ಮನಿರುತ್ತಿದ್ದ. ನಡೆಸಿದಷ್ಟೂ ಅದು ನನ್ನ ಕೈಬರಹವೇ ಆಗುತ್ತ ಹೋಯಿತು. ಎತ್ತಿನ ಕಿವಿ ನಿಮಿರಿ ನಿಂತದ್ದು ಈ ವರ್ಷಗಳಲ್ಲೇ ಇರಬೇಕು.

ಎಂಬತ್ತರ ದಶಕದ ಆರಂಭದಲ್ಲಿ, ಬೇರೆ ಕೆಲಸದ ನೆವ ಮಾಡಿಕೊಂಡು ಶಹಾಬಾದಿನ ಹಳೆಯ ಆಸ್ಪತ್ರೆಗೆ ಹೋದೆ. ಕಂಪೌಂಡರು ಹೊಸಬ. ಹಳೆಯ ಚಿಕಿತ್ಸಾ ಪುಸ್ತಕಗಳು ಇವೆಯೇ ಎಂದೆ.

"ಟ್ರಂಕಿನ್ಯಾಗ ಅವರೀ. ಗೆದ್ದಲ ತಿಂದು ಉಳದಿದ್ರ ನಿಮ್ಮ ಪುಣ್ಯಾ."

ಅಂಚು ತಿಂದಿತ್ತು, ನಡುವಿನ ಸಾಲುಗಳು ಉಳಿದಿದ್ದವು. ಎರಡು ತಾಸು ನೆಲದ ಮೇಲೆ ಕೂತು ಹುಡುಕಿದೆ. ದೇವಣಿ ಎತ್ತು, ಆರು ವರ್ಷ, ಎಡಬದಿಯ ತುಟಿಗೆ ಲಕ್ವ, ಅಗಿಯುವಿಕೆ ಸರಿ, ರೆಪ್ಪೆ ಸರಿ. ಅದರ ಕೆಳಗೆ, ಅದೇ ಶಾಯಿಯಲ್ಲಿ, ಆ ದಿನವೇ ನನ್ನ ಕೈಯಿಂದ ಬರೆದ ಒಂದು ಸಾಲು: ಎಡಗಿವಿಯಿಂದ ದುರ್ವಾಸನೆ ಎಂದು ಲಾಳ ಹೊಡೆಯುವವನ ಹೇಳಿಕೆ, ಪರೀಕ್ಷಿಸಿಲ್ಲ.

ಅವನು ಹೇಳಿದ್ದ.